ನಾರ್ಕೊಲೆಪ್ಸಿ ಇರುವ ಮಗುವಿನ ದಿನಚರಿಗೆ ಆಗುತ್ತಿರುವ ತೊಂದರೆಯನ್ನು ಅಳೆಯುವುದು ಹೇಗೆ?

11 ವರ್ಷದ ಮಗಳಿಗೆ ನಾರ್ಕೊಲೆಪ್ಸಿ, ಅಂದರೆ ಹಗಲಲ್ಲೂ ತಡೆಯಲಾಗದ ನಿದ್ದೆ ಬರುವ ಕಾಯಿಲೆ ಎಂದು ಗೊತ್ತಾಗಿದೆ, ದಿನನಿತ್ಯದ ತೊಂದರೆಯನ್ನು ಬರೆದು ತರಲು ಡಾಕ್ಟರು ಹೇಳಿದ್ದಾರೆ, ಏನು ಬರೆಯಲಿ ಎಂದು ಉಡುಪಿಯಿಂದ ಕೇಳಿದ್ದೀರಿ. ಎಷ್ಟು ಸಲ ನಿದ್ದೆ ಬಂತು ಎಂಬುದಷ್ಟೇ ಸಾಲದು, ಆ ನಿದ್ದೆಯಿಂದ ಅವಳ ಕೈತಪ್ಪಿದ್ದೇನು ಎಂಬುದು ಮುಖ್ಯ. ಹಗಲು ಎರಡೆರಡು ಗಂಟೆಗೊಮ್ಮೆ ಮಲಗಿಸಿ ಮಾಡುವ ಎಂಎಸ್‌ಎಲ್‌ಟಿ ಪರೀಕ್ಷೆಯಲ್ಲಿ ಸರಾಸರಿ 8 ನಿಮಿಷದೊಳಗೆ ನಿದ್ದೆ ಬಂದರೆ ಅದು ರೋಗನಿರ್ಣಯಕ್ಕೆ ಒಂದು ಆಧಾರ. ಗಣಿತದ ಪಿರಿಯಡ್‌ನಲ್ಲಿ ಅವಳ ಪಾಡೇನು ಎಂದು ಅದು ಹೇಳುವುದಿಲ್ಲ.

ಮೊದಲು ಎರಡು ವಾರದ ಡೈರಿ, ರಜಾದಿನವನ್ನೂ ಸೇರಿಸಿ. ದಿನಕ್ಕೊಂದು ಸಾಲು, ಅರ್ಧ ಗಂಟೆಗೊಂದು ಮನೆ. ಬೇಕೆಂದೇ ಮಲಗಿದ್ದು, ತಡೆಯಲಾಗದೆ ನಿದ್ದೆಗೆ ಜಾರಿದ್ದು, ನಗುವಾಗ ಮೈ ಸಡಿಲವಾದದ್ದು – ಮೂರಕ್ಕೂ ಬೇರೆ ಬೇರೆ ಗುರುತು ಹಾಕಿ. ಪಕ್ಕದಲ್ಲಿ ಏನು ತಪ್ಪಿತು ಎಂದು ಬರೆಯಿರಿ: ಬಸ್ಸಿನಲ್ಲಿ ಇಳಿಯುವ ಸ್ಟಾಪ್ ದಾಟಿತು, ನೋಟ್ಸ್ ಅರ್ಧಕ್ಕೆ ನಿಂತಿತು, ಆಟಕ್ಕೆ ಹೋಗಲಿಲ್ಲ. ರಾತ್ರಿ ಎಷ್ಟು ಸಲ ಎಚ್ಚರವಾಯಿತು ಎಂಬುದೂ ಇರಲಿ. ಯಾವ ಹೊತ್ತಿಗೆ ಗುರುತುಗಳು ಗುಂಪಾಗಿವೆ ಎಂದು ನೋಡಿದರೆ, ಶಾಲೆಯಲ್ಲಿ 15–20 ನಿಮಿಷದ ನಿದ್ದೆಗೆ ಯಾವಾಗ ಅವಕಾಶ ಕೇಳಬೇಕು ಎಂಬುದೂ ತಿಳಿಯುತ್ತದೆ.

ನಗುವಾಗ ಹೀಗೆ ಮೈ ಸಡಿಲವಾಗುವುದು, ಅಂದರೆ ಕ್ಯಾಟಪ್ಲೆಕ್ಸಿ, ಮಕ್ಕಳಲ್ಲಿ ಯಾವಾಗಲೂ ಬೀಳುವ ರೂಪದಲ್ಲಿ ಬರುವುದಿಲ್ಲ. ರೆಪ್ಪೆ ಇಳಿಯುತ್ತದೆ, ಬಾಯಿ ತೆರೆದುಕೊಳ್ಳುತ್ತದೆ, ನಾಲಿಗೆ ಹೊರಬರುತ್ತದೆ, ಮಾತು ತೊದಲುತ್ತದೆ. ಆಗ ಎಚ್ಚರ ಇರುತ್ತದೆ, ಆದರೂ ನೋಡಿದವರು ಫಿಟ್ಸ್ ಎಂದುಕೊಳ್ಳುತ್ತಾರೆ. ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಎಣಿಕೆಗೆ ಸಿಗದ ನಷ್ಟವೂ ಉಂಟು. ಯಕ್ಷಗಾನದಲ್ಲಿ ಹಾಸ್ಯಗಾರ ಬಂದರೆ, ನಕ್ಕರೆ ಮೈ ಸಡಿಲವಾದೀತೆಂದು ಎದ್ದು ಹೋಗುತ್ತಾಳೆಯೇ? ಗೆಳತಿಯರ ನಡುವೆ ನಗುವುದನ್ನೇ ಬಿಟ್ಟಿದ್ದಾಳೆಯೇ? ಅಂಥ ಮಗುವಿನ ಡೈರಿಯಲ್ಲಿ ಗುರುತು ಕಡಿಮೆ ಕಂಡರೂ ಬದುಕು ಕುಗ್ಗಿರುತ್ತದೆ.

ಪ್ರಶ್ನಾವಳಿಗಳನ್ನು ಡಾಕ್ಟರ ಬಳಿಯೇ ಕೇಳಿ ಪಡೆಯಿರಿ, ನೀವೇ ಅನುವಾದ ಮಾಡಿಕೊಳ್ಳಬೇಡಿ. ಮಕ್ಕಳ ಹಗಲಿನ ತೂಕಡಿಕೆ ಅಳೆಯುವ ಇಎಸ್‌ಎಸ್-ಚಾಡ್‌ನಲ್ಲಿ ಓದುವಾಗ, ತರಗತಿಯಲ್ಲಿ, ಬಸ್ಸಿನಲ್ಲಿ, ಊಟ ಮಾಡುವಾಗ ಹೀಗೆ 8 ಸಂದರ್ಭಗಳಿವೆ. ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 24. 10 ದಾಟಿದರೆ ತೂಕಡಿಕೆ ಹೆಚ್ಚೆಂದು ಲೆಕ್ಕ. ಮಗುವಿನ ಬದುಕಿನ ಗುಣಮಟ್ಟ ಅಳೆಯುವ ಪೆಡ್ಸ್‌ಕ್ಯೂಎಲ್‌ನ 23 ಪ್ರಶ್ನೆಗಳು ದೇಹ, ಮನಸ್ಸು, ಗೆಳೆತನ, ಶಾಲೆ ಎಂಬ ನಾಲ್ಕು ಭಾಗದಲ್ಲಿವೆ. ಅಂಕ 100ಕ್ಕೆ ಹತ್ತಿರವಾದಷ್ಟು ಒಳ್ಳೆಯದು. 8–12 ವಯಸ್ಸಿನ ಹಾಳೆಯನ್ನು ಮಗಳೇ ತುಂಬಲಿ, ಪೋಷಕರ ಹಾಳೆಯನ್ನು ನೀವು ಬೇರೆ ಕಡೆ ಕೂತು ತುಂಬಿ. ಇಬ್ಬರ ಅಂಕ ಹೊಂದದಿದ್ದರೆ ಸರಾಸರಿ ತೆಗೆಯಬೇಡಿ. ನೀವು ನೋಡುವುದು ದಣಿದ ಸಂಜೆಯನ್ನು, ಅವಳು ದಾಟುವುದು ಇಡೀ ದಿನವನ್ನು. ಎಲ್ಲಿ ಅಂತರ ಹೆಚ್ಚೋ ಅಲ್ಲೇ ಮಾತಾಡಬೇಕಾದ ವಿಷಯವಿರುತ್ತದೆ.

ಟೀಚರ ಹತ್ತಿರ "ನಿದ್ದೆ ಮಾಡ್ತಾಳಾ?" ಎಂದು ಕೇಳಿದರೆ ಉಪಯೋಗವಿಲ್ಲ. ಒಂದು ವಾರ ಪಿರಿಯಡ್ ಪ್ರಕಾರ ಟಿಕ್ ಮಾಡಿಕೊಡಲು ವಿನಂತಿಸಿ, ತೂಕಡಿಕೆಯ ಜೊತೆ ಚಡಪಡಿಕೆಗೂ ಸಿಡುಕಿಗೂ ಒಂದೊಂದು ಕಾಲಂ ಇಡಿ. ಎಷ್ಟೋ ಮಕ್ಕಳಲ್ಲಿ ನಿದ್ದೆಯ ಒತ್ತಡ ಹೊರಬರುವುದೇ ಹಾಗೆ, ಅದಕ್ಕೆ ತುಂಟತನದ ಹಣೆಪಟ್ಟಿ ಬೀಳುತ್ತದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಈ ಹಾಳೆಗಳು ಸಾಮಾನ್ಯವಾಗಿ ಹಿಂದಿನ ಒಂದು ತಿಂಗಳ ಬಗ್ಗೆ ಕೇಳುತ್ತವೆ. ಜುಲೈಯಲ್ಲಿ ಜಿಲ್ಲಾಧಿಕಾರಿಗಳು ಮಳೆಗೆ ರಜೆ ಕೊಡುತ್ತಾ ಹೋದರೆ ಮಗು ಮನೆಯಲ್ಲೇ ಮಲಗಿರುತ್ತದೆ, ಅಂಕ ಸುಧಾರಿಸಿದಂತೆ ಕಾಣುತ್ತದೆ. ಅದು ಔಷಧದ ಫಲವಲ್ಲ. ಶಾಲೆ ಸರಿಯಾಗಿ ನಡೆದ ತಿಂಗಳನ್ನೇ ಆರಿಸಿ: ಔಷಧ ಬದಲಿಸುವ ಮೊದಲು ಒಮ್ಮೆ, ಡೋಸ್ ಸ್ಥಿರವಾಗಿ ಒಂದು ತಿಂಗಳಾದ ಮೇಲೆ ಮತ್ತೊಮ್ಮೆ. ಪೆಡ್ಸ್‌ಕ್ಯೂಎಲ್‌ನ ಒಟ್ಟು ಅಂಕದಲ್ಲಿ ಸುಮಾರು 4.5ಕ್ಕಿಂತ ಕಡಿಮೆ ಏರಿಳಿತವನ್ನು ಬದಲಾವಣೆ ಎಂದು ನಂಬಬೇಡಿ. ತೂಕವನ್ನೂ ತಿಂಗಳಿಗೊಮ್ಮೆ ಬರೆದಿಡಿ, ಈ ಕಾಯಿಲೆ ಶುರುವಾದಾಗ ಅನೇಕ ಮಕ್ಕಳ ತೂಕ ಬೇಗ ಏರುತ್ತದೆ.

ಎರಡು ವಿಷಯಕ್ಕೆ ಮಾತ್ರ ಯಾವ ಅಂಕಕ್ಕೂ ಕಾಯಬೇಡಿ. ಹೊಳೆಗೆ, ಕೆರೆಗೆ, ಮಲ್ಪೆಯ ಕಡಲಿಗೆ ಅವಳೊಬ್ಬಳೇ ಇಳಿಯಬಾರದು, ತೆರೆದ ಬಾವಿಯ ಹತ್ತಿರ ಒಬ್ಬಳೇ ಹೋಗಬಾರದು. ಬದುಕುವುದೇ ಬೇಡ ಎನ್ನುವಂಥ ಮಾತು ಬಂದರೆ ಅಂದೇ ಡಾಕ್ಟರಿಗೆ ತಿಳಿಸಿ.