ಸಹಿಗೆ ಕೊಡುವ ಹಣ ಲಂಚವೇ?

ಪ್ರಶ್ನೆ: ಮಾಸ್ತರರೇ, ದೇಶಗಳು ಪರಿಸರ ಒಪ್ಪಂದಗಳಿಗೆ ಸೇರುವುದು ಕಾಳಜಿಯಿಂದಲೋ, ಸಿಗುವ ಹಣಕ್ಕಾಗಿಯೋ? ಹಣ ಕೊಟ್ಟು ಸಹಿ ಹಾಕಿಸಿದರೆ ಅದು ಲಂಚವಲ್ಲವೇ? ಎಂಡೋಸಲ್ಫಾನ್ ಕೀಟನಾಶಕದ ವಿಷಯದಲ್ಲೂ ಹೀಗೆಯೇ ಆಯಿತೆಂದು ಅಜ್ಜ ಹೇಳುತ್ತಾರೆ.
— ಕಾಲೇಜು ವಿದ್ಯಾರ್ಥಿನಿ, ಪೆರ್ಲ, ಕಾಸರಗೋಡು

ಉತ್ತರ: ಮಗಳೇ, ಲಂಚ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ತೋಡಿಗೆ ಪ್ರತಿ ಡಿಸೆಂಬರಿನಲ್ಲಿ ಒಂಬತ್ತು ಮನೆಯವರು ಸೇರಿ ಕಲ್ಲು, ಮಣ್ಣು, ಅಡಿಕೆ ಮರ ಹಾಕಿ ನೀರು ನಿಲ್ಲಿಸುವ ಕಟ್ಟ ಕಟ್ಟುತ್ತೇವೆ. ಒಂದು ವರ್ಷ ಮೇಲಿನ ಮನೆಯವರು ಬರಲಿಲ್ಲ. ಹೋಗಿ ನೋಡಿದರೆ, ನೀರು ಏರಿದಾಗ ಅವರ ಗದ್ದೆಯ ಒಂದು ಮೂಲೆ ಮೊಣಕಾಲುದ್ದ ಮುಳುಗಿ ಸುಗ್ಗಿ ಬೆಳೆಯೇ ಹೋಗುತ್ತಿತ್ತು. ತೋಟ ಹಸಿರಾಗುತ್ತಿದ್ದುದು ನಮ್ಮದು. ಆ ಮೂಲೆಯ ಭತ್ತದ ಕ್ರಯವನ್ನು ಎಂಟು ಮನೆಯವರು ಹಂಚಿಕೊಂಡು ಕೊಟ್ಟೆವು. ಮರುದಿನ ಅವರೇ ಎಲ್ಲರಿಗಿಂತ ಮೊದಲು ಹಾರೆ ಹಿಡಿದು ನಿಂತಿದ್ದರು. ಇದನ್ನು ಲಂಚ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಓಝೋನ್ ಪದರದ ರಕ್ಷಣೆಗೆ 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ಕಥೆಯೂ ಇದೇ. ಆ ಪದರವನ್ನು ಹಾಳುಮಾಡುವ, ಫ್ರಿಜ್ಜುಗಳಲ್ಲಿದ್ದ ಸಿಎಫ್‌ಸಿ ಅನಿಲವನ್ನು ದಶಕಗಳ ಕಾಲ ಗಾಳಿಗೆ ಬಿಟ್ಟವರು ಶ್ರೀಮಂತ ದೇಶದವರು. ನಮ್ಮಲ್ಲಿ ಆಗಿನ್ನೂ ಫ್ರಿಜ್ಜು ಇದ್ದ ಮನೆಗಳೇ ಅಪರೂಪ. ಕಾರ್ಖಾನೆ ಬದಲಿಸುವ ಖರ್ಚು ಯಾರದೆಂದು ಭಾರತವೂ ಚೀನಾವೂ ಕೇಳಿ ಹೊರಗೇ ಉಳಿದವು. 1990ರ ಲಂಡನ್ ಸಭೆ ಅದಕ್ಕಾಗಿ ಒಂದು ನಿಧಿ ಮಾಡಿತು. ಮೊದಲ ಮೂರು ವರ್ಷಕ್ಕೆ 16 ಕೋಟಿ ಡಾಲರ್, ಈ ಎರಡು ದೇಶಗಳು ಸೇರಿದರೆ ಇನ್ನೂ 8 ಕೋಟಿ. ಚೀನಾ 1991ರಲ್ಲಿ, ಭಾರತ 1992ರಲ್ಲಿ ಸೇರಿದವು. ಹೊರಗಿರುವವರೊಡನೆ ಸಿಎಫ್‌ಸಿ ವ್ಯಾಪಾರ ಬೇಡ ಎಂಬ ಕಟ್ಟಳೆಯೂ ಇತ್ತು, ಅದನ್ನು ಮರೆಯಬಾರದು. ಆದರೆ ಹಣ ಸಿಗುತ್ತಿದ್ದುದು ಹಳೆಯ ಅನಿಲ ಬಿಟ್ಟು ಹೊಸದಕ್ಕೆ ಹೋಗಲು ತಗಲುವ ಹೆಚ್ಚುವರಿ ಖರ್ಚಿಗೆ. ಅದು ಫಲಿಸಿತು.

ಇನ್ನು ನಿಮ್ಮ ಅಜ್ಜನ ಮಾತು. ನಮ್ಮ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಸಿಂಪಡಿಸುವ ದಿನ ಶಾಲೆಯ ಬಾವಿಗೆ ನಾನೇ ಮಕ್ಕಳ ಕೈಯಿಂದ ತೆಂಗಿನ ಮಡಲು ಮುಚ್ಚಿಸುತ್ತಿದ್ದೆ. ಮಡಲಿನ ಸಂದಿಯಿಂದ ಏನೆಲ್ಲ ಇಳಿಯಿತೋ ಎಂಬ ಚಿಂತೆ ಇಂದಿಗೂ ಹೋಗಿಲ್ಲ. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ, ಬಹುಕಾಲ ಉಳಿಯುವ ವಿಷ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಇದನ್ನು ನಿಷೇಧದ ಪಟ್ಟಿಗೆ ಸೇರಿಸಲು ಕುಳಿತಾಗ, ಮೊದಲು ವಿರೋಧಿಸಿದ್ದ ಭಾರತ ಕೊನೆಗೆ ಒಪ್ಪಿದ್ದು ಕೆಲವು ಬೆಳೆಗಳಿಗೆ ವಿನಾಯಿತಿ, ಬದಲಿ ಕೀಟನಾಶಕಗಳಿಗೆ ಹಣಕಾಸಿನ ನೆರವು ಎಂಬ ಮಾತಿನ ಮೇಲೆ. ಹಾಗಾಗಿ ಹಣದ ಮಾತು ಇತ್ತೆಂದು ಅಜ್ಜ ಹೇಳಿದ್ದು ನಿಜ. ಆದರೆ ದೇಶದಲ್ಲಿ ಅದರ ಮಾರಾಟ, ಬಳಕೆ ನಿಲ್ಲಿಸಿದ್ದು ಆ ಹಣವಲ್ಲ; ಎರಡೇ ವಾರದಲ್ಲಿ, ಮೇ 13ರಂದು, ಸುಪ್ರೀಂ ಕೋರ್ಟು ಕೊಟ್ಟ ಮಧ್ಯಂತರ ಆದೇಶ.

ನನ್ನ ಸಂಕಟ ಲಂಚದ್ದಲ್ಲ, ಬೇರೆಯೇ. ಈ ನಿಧಿಗಳೆಲ್ಲ ವಿಷದ ಬಳಕೆ ನಿಲ್ಲಿಸುವವರಿಗೆ ತಗಲುವ ಖರ್ಚನ್ನು ಲೆಕ್ಕ ಹಾಕುತ್ತವೆ. ವಿಷ ಕುಡಿದವರ ಲೆಕ್ಕ ಆ ಪುಸ್ತಕದಲ್ಲಿಲ್ಲ. ನಮ್ಮ ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದು 2017ರ ಜನವರಿಯಲ್ಲಿ ಕೇರಳ ರಾಜ್ಯಕ್ಕೆ ಹೇಳಿದ್ದೂ ಸುಪ್ರೀಂ ಕೋರ್ಟೇ. ಐದು ವರ್ಷ ಕಳೆದ ಮೇಲೂ ಬಾಕಿ ಉಳಿದಿದ್ದರಿಂದ ಅದೇ ನ್ಯಾಯಾಲಯ ಮತ್ತೆ ಗದರಬೇಕಾಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಆ ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ನೀವು ಅಜ್ಜನನ್ನು ಕರೆದುಕೊಂಡು ಒಮ್ಮೆ ಆ ವಿಷದ ಪೆಟ್ಟು ತಿಂದ ಪಡ್ರೆ ಊರಿನ ಕಡೆಗೆ ಹೋಗಿ, ಅಂಥ ಮನೆಗಳಲ್ಲಿ ಕುಳಿತು ಮಾತನಾಡಿ ಬನ್ನಿ.