ಉಳ್ಳಾಗಡ್ಡಿ ಪೊರೆಯಲ್ಲಿ ಕೋಶಕೇಂದ್ರ ಕಾಣದಿದ್ದರೆ
ಉಳ್ಳಾಗಡ್ಡಿ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ದಪ್ಪ ಕಪ್ಪು ಅಂಚಿನ ದುಂಡು ಆಕಾರ ಕಂಡಿತು, ಅದೇ ಕೋಶಕೇಂದ್ರವೇ (ನ್ಯೂಕ್ಲಿಯಸ್) ಎಂದು ಕೇಳಿದ್ದೀರಿ. ಅದು ಕೋಶಕೇಂದ್ರ ಅಲ್ಲ, ಬಹುತೇಕ ಗಾಳಿಗುಳ್ಳೆ. ನೀವು ಫೋಟೋ ಹಾಕಿಲ್ಲ, ಹಾಗಾಗಿ ನೂರಕ್ಕೆ ನೂರು ಹೇಳಲಾರೆ. ಆದರೆ ಬಣ್ಣ ಹಾಕದೆ ಬರೀ ನೀರಲ್ಲಿ ನೋಡಿದ್ದೀರಿ, ಅಲ್ವಾ? ಹಾಗೆ ನೋಡಿದರೆ ಕೋಶಕೇಂದ್ರ ಕಣ್ಣಿಗೆ ಬೀಳುವುದು ಕಷ್ಟ.

ಬಾಗಲಕೋಟೆ ಸಂತೆಯ ಯಾವ ಉಳ್ಳಾಗಡ್ಡಿಯಾದರೂ ನಡೆಯುತ್ತದೆ. ಪದರದ ಒಳಮೈಯಿಂದ ತೆಳು ಪೊರೆ ಎಳೆಯಿರಿ. ಸ್ಲೈಡ್ ಮೇಲೆ ನೀರಹನಿಯಲ್ಲಿ ಮಡಿಕೆ ಬೀಳದಂತೆ ಹರಡಿ. ಬಣ್ಣ ಹಿಡಿಯಲು ಒಂದು ಹನಿ ಅಯೋಡಿನ್ ಹಾಕಿ, ಒಂದೆರಡು ನಿಮಿಷ ಬಿಡಿ. ಸಫ್ರಾನಿನ್ ಎಂಬ ಕೆಂಪು ಬಣ್ಣ ಇದ್ದರೆ ಅದೂ ಆದೀತು. ಆಮೇಲೆ ತೆಳು ಗಾಜಿನ ಕವರ್‌ಸ್ಲಿಪ್ ಓರೆಯಾಗಿ ಹಿಡಿದು, ಸೂಜಿಯ ಆಸರೆಯಲ್ಲಿ ನಿಧಾನ ಇಳಿಸಿ. ಧಡಕ್ಕನೆ ಇಟ್ಟರೆ ಮತ್ತೆ ಗುಳ್ಳೆ! ಮೊದಲು 10 ಪಟ್ಟು ಹಿಗ್ಗಿಸುವ ಲೆನ್ಸ್, ನಂತರ 40 ಪಟ್ಟಿನದು.

ಕೋಶದ ನಟ್ಟನಡುವೆಯೇ ಹುಡುಕಬೇಡಿ. ಇಲ್ಲಿ ಹೆಚ್ಚಿನ ಜಾಗವನ್ನು ರಸದಾನಿಯೇ (ರಸ ತುಂಬಿದ ಚೀಲ, ವ್ಯಾಕ್ಯೂಲ್) ಹಿಡಿದಿರುತ್ತದೆ. ಅದರ ಒತ್ತಡಕ್ಕೆ ಕೋಶಕೇಂದ್ರ ಗೋಡೆಯ ಪಕ್ಕ ಸರಿದಿರುತ್ತದೆ. ಕೆಲವು ಕಡೆ ನಡುವೆ ಕಂಡರೂ ಅದು ಮೇಲಿನ ಅಥವಾ ಕೆಳಗಿನ ಗೋಡೆಗೆ ಹತ್ತಿಕೊಂಡದ್ದು.

ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಈ ಬಣ್ಣಗಳಲ್ಲಿ ಅದು ಕಾಣುವುದಿಲ್ಲ. ಮಣ್ಣೊಳಗೆ ಬೆಳೆದ ಗಡ್ಡೆಯ ಬಿಳಿ ಪದರದಲ್ಲಿ ಆಹಾರ ತಯಾರಿಸುವ ಹಸಿರು ಕ್ಲೋರೋಪ್ಲಾಸ್ಟ್ ಸಿಗದು. ಅದನ್ನು ನೋಡಲು ಹೈಡ್ರಿಲ್ಲಾ ಎಂಬ ನೀರುಗಿಡದ ಎಲೆ ಇಡಿ, ಬಣ್ಣ ಬೇಡ.