ಕರ್ನಲ್ ಲಾರೆನ್ಸ್ ಕರಾಚಿಯಲ್ಲಿ ಗುಮಾಸ್ತ
ಮೊದಲ ಮಹಾಯುದ್ಧದಲ್ಲಿ ತುರ್ಕರ ವಿರುದ್ಧ ಅರಬರ ಜತೆ ಹೋರಾಡಿ ಹೆಸರಾದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್, ಅಂದರೆ 'ಅರೇಬಿಯಾದ ಲಾರೆನ್ಸ್', ಬೇರೆ ಹೆಸರಲ್ಲಿ ಭಾರತದಲ್ಲಿ ಇದ್ದದ್ದು ನಿಜವಾ ಅಂತ ಕೇಳಿದ್ದೀರಿ. ನಿಜ. ಕರ್ನಲ್ ಆಗಿದ್ದವನು 1922ರಲ್ಲಿ ಜಾನ್ ಹ್ಯೂಮ್ ರಾಸ್ ಅಂತ ಹೇಳಿಕೊಂಡು ಬ್ರಿಟಿಷ್ ವಾಯುಪಡೆಯ ತೀರಾ ಕೆಳಗಿನ ದರ್ಜೆಗೆ ಸೇರಿದ. ಪೂರ್ತಿ ಅಜ್ಞಾತವಾಸ ಅಲ್ಲ ಬಿಡಿ, ವಾಯುಪಡೆ ಮುಖ್ಯಸ್ಥ ಟ್ರೆಂಚರ್ಡ್‌ಗೆ ಗೊತ್ತಿತ್ತು. ವರ್ಷದ ಕೊನೆಗೆ ಪತ್ರಿಕೆಯವರು ಗುಟ್ಟು ರಟ್ಟು ಮಾಡಿದರು, ಕೆಲಸ ಹೋಯಿತು. ಆಮೇಲೆ ಶಾ ಎಂಬ ಹೆಸರಲ್ಲಿ ಟ್ಯಾಂಕ್ ದಳ, 1925ರಲ್ಲಿ ಮತ್ತೆ ವಾಯುಪಡೆ.

1927ರಲ್ಲಿ ಕರಾಚಿಗೆ ಬಂದ. ಆಗ ಅದೂ ಭಾರತವೇ ಅಲ್ವಾ? ಎಂಜಿನ್ ರಿಪೇರಿ ವಿಭಾಗದಲ್ಲಿ ಗುಮಾಸ್ತನ ಕೆಲಸ. ಮರುವರ್ಷ ವಜೀರಿಸ್ತಾನದ ಮೀರಾನ್‌ಶಾ ಕೋಟೆ. ಪಕ್ಕದ ಅಫ್ಘಾನಿಸ್ತಾನದಲ್ಲಿ ದಂಗೆ ಎದ್ದಾಗ ಇದು ಇವನದೇ ಕೈವಾಡ ಅಂತ ಪತ್ರಿಕೆಗಳು ಸುಮ್ನೆ ಕಥೆ ಕಟ್ಟಿದವು. ಹಾಗಾಗಿ 1929ರ ಜನವರಿಯಲ್ಲಿ ಅವನನ್ನು ಇಂಗ್ಲೆಂಡಿಗೆ ವಾಪಸ್ ಕಳಿಸಿದರು.